ಫೆಲಿಕ್ಸರ ಆರಡಿ ಜಾಗ

ಸೀಬ್: ನಡೆಯುವವರು ಇಬ್ಬರೇ

ಒಮಾನಿಗೆ ಹೋದವರು ಕೋಟೆ ನೋಡುತ್ತಾರೆ, ಮರಳಿನ ದಿಬ್ಬದ ಮೇಲೆ ಜಾರುತ್ತಾರೆ, ಬರುವಾಗ ಖರ್ಜೂರವನ್ನೂ ಲೋಬಾನವನ್ನೂ ಹೊತ್ತು ತರುತ್ತಾರೆ. ಅಲ್ಲಿದ್ದ ಐದು ವಾರಗಳಲ್ಲಿ ನಾನು ಬಹುಪಾಲು ಓಡಾಡಿದ್ದು ಆರಡಿ ಉದ್ದ, ಮೂರಡಿ ಅಗಲದ ಒಂದು ಜಾಗದ ಹಿಂದೆ. ಹುಣಸೂರು, ಮದ್ದೂರು, ಮೈಸೂರು ಎಂದು ಊರೂರು ತಿರುಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸವೆದವನು ನಾನು. ಇನ್ನು ಯಾರ ಜಾಗದ ಉಸಾಬರಿಯೂ ಬೇಡವೆಂದು ನಿವೃತ್ತನಾಗಿ, ಅಲ್ಲಿನ ಸೀಬ್ ಎಂಬ ಊರಿನಲ್ಲಿದ್ದ ತಂಗಿ ಗಿರಿಜೆಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ವಿಮಾನ ಹತ್ತಿದ್ದೆ.

ಮೊದಲ ಅನಾಹುತ ವಿಮಾನದ ಹೊಟ್ಟೆಯಲ್ಲೇ ನಡೆದುಹೋಗಿತ್ತು. ಗಿರಿಜೆಗೆಂದು ಕಟ್ಟಿಸಿಕೊಂಡಿದ್ದ ಪುಳಿಯೋಗರೆ ಗೊಜ್ಜಿನ ಬಾಟಲಿ ದಾರಿಯಲ್ಲಿ ಬಾಯಿಬಿಟ್ಟು, ನನ್ನ ಅಷ್ಟೂ ಬಟ್ಟೆಗೆ ಹುಣಸೆಹುಳಿಯ ಅಭಿಷೇಕವಾಗಿತ್ತು. ಹೀಗಾಗಿ ಮೊದಲ ಮೂರು ದಿನ ಗಿರಿಜೆಯ ಗಂಡನ ಪ್ಯಾಂಟೇ ಗತಿಯಾಯಿತು. ಅವನು ನನಗಿಂತ ಒಂದು ಗೇಣು ಕುಳ್ಳ. ಮೇಲೆ ಎಷ್ಟು ಒಗೆದರೂ ಇಂಗಿನ ವಾಸನೆ ಬಿಡದ ನನ್ನದೇ ಅಂಗಿ.

ಆ ವೇಷದಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟೆ. ಸೀಬಿನಲ್ಲಿ ಯಾರೂ ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಎದುರುಮನೆಗೆ ಸಕ್ಕರೆ ಕೇಳಲೂ ಕಾರು ತೆಗೆಯುವ ಊರು ಅದು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಬಿಳಿ ನಿಲುವಂಗಿಯ ಒಬ್ಬರು ಕಾರು ನಿಲ್ಲಿಸಿ, ಕೆಟ್ಟುಹೋದ ನನ್ನ ಗಾಡಿ ಎಲ್ಲಿದೆಯೆಂದು ಸನ್ನೆಯಲ್ಲಿ ಕೇಳಿದರು. ಎರಡನೆಯವರು ಬಾಗಿಲನ್ನೇ ತೆರೆದು “ಯಲ್ಲಾ, ಬಾಬಾ” ಎಂದು ಕರೆದರು. ಮೂರನೆಯವರು ನನ್ನ ಪ್ಯಾಂಟಿನ ಉದ್ದ ನೋಡಿ ಏನನ್ನೂ ಕೇಳದೆ ಒಂದು ನೀರಿನ ಬಾಟಲಿ, ಒಂದು ಪೊಟ್ಟಣ ಖರ್ಜೂರ ಕೈಗಿಟ್ಟು ಹೋದರು. ನಮ್ಮೂರಿನಲ್ಲಿ ಮೂವತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತರೂ ಯಾರೊಬ್ಬರೂ ಕೇಳದೆ ಏನನ್ನೂ ಕೊಟ್ಟಿರಲಿಲ್ಲ. ಕೊಟ್ಟವರೆಲ್ಲ ಏನೋ ಒಂದನ್ನು ಕೇಳಿಕೊಂಡೇ ಕೊಟ್ಟವರು.

ಖರ್ಜೂರ ಹಿಡಿದು ಪೆಚ್ಚಾಗಿ ನಿಂತಿದ್ದಾಗ ಎದುರಿನಿಂದ ಇನ್ನೊಬ್ಬರು ನಡೆದು ಬಂದರು. ತಲೆಗೆ ಬಟ್ಟೆಯ ಟೋಪಿ, ಎಪ್ಪತ್ತೈದರ ಆಚೀಚೆ, ಚಾಲಕರಿಗೆ ಬರುವಂತೆ ಎಡಗೈ ಮಾತ್ರ ಬಿಸಿಲಿಗೆ ಸುಟ್ಟು ಕಪ್ಪಾದ ಆಳು. ಹತ್ತಿರ ಬಂದು ಮೂಗರಳಿಸಿದರು.

“ಕನ್ನಡದವರಾ?”

“ಹೇಗೆ ಗೊತ್ತಾಯ್ತು?”

“ಪುಳಿಯೋಗರೆ ಪರಿಮಳ ಬರ್ತಾ ಉಂಟಲ್ಲ ಮಾರಾಯ್ರೆ.”

ಇವರೇ ಫೆಲಿಕ್ಸ್. ಬಂಟ್ವಾಳದ ಕಡೆಯ ಕೊಂಕಣಿ ಕ್ರೈಸ್ತರು. ಗಿರಿಜೆಯ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲೇ ಹೆಂಡತಿ ಎಲೀಸಮ್ಮನೊಡನೆ ವಾಸ. ಇಪ್ಪತ್ತೆರಡಕ್ಕೆ ಬಂದವರು ಈ ದೇಶದಲ್ಲೇ ಮುದುಕರಾಗಿದ್ದರು. ವಾದಿ ಅದಾಯಿಯಲ್ಲಿ ಅವರದೊಂದು ಗ್ಯಾರೇಜು. ಡಾಕ್ಟರರು ನಡೆಯಲು ಹೇಳಿದ್ದರಿಂದ ಸೀಬಿನ ಏಕೈಕ ಪಾದಚಾರಿಯಾಗಿದ್ದರು, ಈಗ ಇಬ್ಬರಾದೆವು.

ನಾಲ್ಕನೆಯ ದಿನ ನನ್ನ ಉದ್ಯೋಗದ ವಿಷಯ ತಿಳಿದದ್ದೇ ತಡ, ಅವರು ಗಕ್ಕನೆ ನಿಂತರು.

“ರಿಜಿಸ್ಟ್ರಾರ್ರೆ, ನಿಮ್ಮಿಂದ ನನಗೊಂದು ಉಪಕಾರ ಆಗ್ಬೇಕು. ಒಂದು ಜಾಗ ಮಾಡಿಸ್ಲಿಕ್ಕೆ ಉಂಟು.”

“ಸೈಟೋ, ತೋಟವೋ?”

“ಸಮಾಧಿ,” ಅಂದರು.

ಅರ್ಜಿ ನಮೂನೆ

ಅಂದು ಸಂಜೆ ಅವರ ಮನೆಯಲ್ಲಿ ಕೂತು ಸಂಗತಿ ತಿಳಿದುಕೊಂಡೆ. ಎಲೀಸಮ್ಮ ಚಹಾ ತಂದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು.

ಐವತ್ತು ವರ್ಷದ ಹಿಂದೆ ಒಮಾನಿನ ದಕ್ಷಿಣದ ಬೆಟ್ಟಗಳಲ್ಲಿ ಒಂದು ಯುದ್ಧ ನಡೆದಿತ್ತು. ಸುಲ್ತಾನರ ಪರವಾಗಿ ಒಮಾನಿಗಳ ಜೊತೆ ಇಂಗ್ಲಿಷ್ ಅಧಿಕಾರಿಗಳು, ಬಲೂಚಿ ಸೈನಿಕರು, ಇನ್ನೂ ಎಲ್ಲೆಲ್ಲಿಯವರೋ ಕಾದಿದ್ದರು. ಫೆಲಿಕ್ಸ್ ನೀರಿನ ಟ್ಯಾಂಕರಿನ ಚಾಲಕ. ಬುಡದಿಂದ ಬೆಟ್ಟದ ಮೇಲಿನ ಠಾಣೆಗಳಿಗೆ ದಿನಕ್ಕೊಂದು ಸಲ ನೀರು ಹತ್ತಿಸುವುದು ಕೆಲಸ. ಕಾಂಟ್ರ್ಯಾಕ್ಟ್ ಆಳು, ಸಮವಸ್ತ್ರವೂ ಇಲ್ಲ, ಪದವಿಯೂ ಇಲ್ಲ.

ಆ ಯುದ್ಧದಲ್ಲಿ ಸತ್ತ ಇಂಗ್ಲಿಷರಿಗೂ, ಆಮೇಲೆ ಇಲ್ಲೇ ಉಳಿದು ವಯಸ್ಸಾಗಿ ತೀರಿಕೊಂಡವರಿಗೂ ಒಂದು ಪುಟ್ಟ ಸ್ಮಶಾನವಿತ್ತು. ಅದನ್ನು ನೋಡಿಕೊಳ್ಳಲು ಮಾಜಿ ಸೈನಿಕರದೇ ಒಂದು ಸಮಿತಿ. ಇಷ್ಟು ವರ್ಷ ಅವರ ದೇಶದವರಲ್ಲದೆ ಬೇರೆ ಯಾರಿಗೂ ಅಲ್ಲಿ ಜಾಗವಿರಲಿಲ್ಲ. ಈಗ ಸಮಿತಿಯ ಹೃದಯ ವಿಶಾಲವಾಗಿ, “ನಮ್ಮೊಡನೆ ಹೋರಾಡಿದ ಮಿತ್ರದೇಶಗಳ ಯೋಧರಿಗೂ” ಹಕ್ಕು ವಿಸ್ತರಿಸಲಾಗಿತ್ತು. ಆ ವಿಶಾಲ ಹೃದಯದ ಅಳತೆ ಹನ್ನೊಂದು ಪುಟದ ಅರ್ಜಿಯಲ್ಲಿತ್ತು.

ನಾನು ಕನ್ನಡಕ ಹಾಕಿಕೊಂಡೆ. ಒಳ್ಳೆಯ ಅರ್ಜಿ ನಮೂನೆ ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇದು ಉತ್ತಮ ದರ್ಜೆಯದು. ಹಳೆಯ ನಮೂನೆ ಸತ್ತವರ ಮನೆಯವರಿಗಾಗಿ ಮಾಡಿದ್ದು. ಬದುಕಿರುವವರೂ ಮುಂಚಿತವಾಗಿ ಅರ್ಜಿ ಹಾಕಬಹುದೆಂದು ಸೇರಿಸುವಾಗ ಯಾರೋ ಮೊದಲಿನದನ್ನು ತಿದ್ದಲು ಮರೆತಿದ್ದರು. ಅದರಿಂದಾಗಿ ಮೂರನೆಯ ಪುಟದಲ್ಲಿ ಅರ್ಜಿದಾರರು ಖುದ್ದಾಗಿ ಸಹಿ ಮಾಡಬೇಕಿತ್ತು. ನಾಲ್ಕನೆಯ ಪುಟದಲ್ಲಿ ಅವರ ಮರಣಪತ್ರ ಲಗತ್ತಿಸಬೇಕಿತ್ತು. ನಮ್ಮ ಕಡೆ ಪಿಂಚಣಿದಾರರು ತಾವು ಸತ್ತಿಲ್ಲವೆಂದು ವರ್ಷಕ್ಕೊಮ್ಮೆ ಬಂದು ರುಜುವಾತು ಮಾಡುತ್ತಾರೆ. ಇಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಸತ್ತಿದ್ದೇನೆಂದು ರುಜುವಾತು ಮಾಡದೆ ಮುಂದಿನ ಪುಟಕ್ಕೆ ಹೋಗುವಂತಿರಲಿಲ್ಲ.

“‘ನಂತರ ಸಲ್ಲಿಸಲಾಗುವುದು’ ಅಂತ ಬರೀರಿ,” ಎಂದೆ.

ಫೆಲಿಕ್ಸ್ ಬರೆದರು.

ವಾದಿ ಅದಾಯ್: ಸೈಲೆನ್ಸರ್ ಅಂಗಡಿಯ ಮೇಲೆ

ಸಮಿತಿಯ ಕಚೇರಿ ವಾದಿ ಅದಾಯಿಯಲ್ಲಿ, ಕಾರಿನ ಸೈಲೆನ್ಸರ್ ಮಾರುವ ಮಳಿಗೆಯ ಮೇಲ್ಮಹಡಿಯಲ್ಲಿತ್ತು. ಎರಡೂ ಕಡೆ ಕಲ್ಲು ಗುಡ್ಡ, ನಡುವೆ ಸಾಲು ಸಾಲು ವರ್ಕ್‌ಶಾಪು. ಕೆಳಗೆ ಯಾರೋ ಸುತ್ತಿಗೆಯಿಂದ ತಗಡು ಬಡಿಯುತ್ತಿದ್ದರೆ ಮೇಲೆ ಕಾರ್ಯದರ್ಶಿ ಗ್ರೆಗ್ಸನ್ ಚಿರಶಾಂತಿಯ ವಿಚಾರ ಮಾತಾಡುತ್ತಿದ್ದರು.

ಗ್ರೆಗ್ಸನ್ ಎಪ್ಪತ್ತರ ಸಮೀಪದ, ತುಂಬ ಮರ್ಯಾದಸ್ಥ ಇಂಗ್ಲಿಷಿನವ. ನಮಗೆ ಏಲಕ್ಕಿ ಹಾಕಿದ ಕಾವಾ, ಅಂದರೆ ಅಲ್ಲಿಯ ಕಾಫಿ, ಕೊಟ್ಟರು. ಫೈಲು ಬಿಡಿಸಿದಾಗ ಮೊದಲು ಸಿಕ್ಕಿದ್ದೇ ಫೆಲಿಕ್ಸರ ಹಳೆಯ ಫೋಟೋ: ಬಂಡೆಯ ಮೇಲೊಂದು ಕಾಲಿಟ್ಟು, ಕೈಯಲ್ಲಿ ರೈಫಲ್ ಹಿಡಿದು ನಿಂತ ಮೀಸೆಯ ಹುಡುಗ. ಗ್ರೆಗ್ಸನ್ ಮುಖ ಅರಳಿತು.

“ಅದ್ಭುತ! ಇದೊಂದೇ ಸಾಕು.”

ದಾಖಲೆ ತಾನಾಗಿ ಮಾತಾಡುತ್ತಿರುವಾಗ ಮಧ್ಯೆ ಬಾಯಿ ಹಾಕಬಾರದೆಂಬುದು ನನ್ನ ವೃತ್ತಿಧರ್ಮ. ಆದರೆ ಫೆಲಿಕ್ಸ್ ಗಂಟಲು ಸರಿಮಾಡಿಕೊಂಡರು. ರೈಫಲ್ ತನ್ನದಲ್ಲವೆಂದೂ, ಊರಿನಲ್ಲಿದ್ದ ತಾಯಿಗೆ ಕಳಿಸಲು ಫೋಟೋಕ್ಕಾಗಿ ಒಬ್ಬ ಸಿಪಾಯಿಯಿಂದ ಎರಡು ನಿಮಿಷಕ್ಕೆ ಇಸಕೊಂಡದ್ದೆಂದೂ ಇಂಗ್ಲಿಷಿನಲ್ಲಿ ವಿವರಿಸಿದರು. ಮೇಜಿನ ಕೆಳಗೆ ನಾನು ಅವರ ಕಾಲು ಒತ್ತಿದ್ದು ಗ್ರೆಗ್ಸನ್‌ಗೂ ಗೊತ್ತಾಯಿತೆಂದು ಕಾಣುತ್ತದೆ. ಒತ್ತಿದ್ದು ಗ್ರೆಗ್ಸನ್ ಕಾಲನ್ನೇ.

ಗ್ರೆಗ್ಸನ್ ವಿಷಾದದಿಂದ ಪೆನ್ನು ಕೈಗೆತ್ತಿಕೊಂಡರು.

“ತಾವು ಯಾರ ಮೇಲಾದರೂ ಗುಂಡು ಹಾರಿಸಿದ್ದುಂಟೇ?”

“ಇಲ್ಲ ಸರ್.”

“ತಮ್ಮ ಮೇಲೆ ಯಾರಾದರೂ?”

“ವಾರಕ್ಕೆ ಎರಡು ಸಲ. ಶುಕ್ರವಾರ ಸ್ವಲ್ಪ ಕಡಿಮೆ.”

“ಅದು ಗಣನೆಗೆ ಬರುವುದಿಲ್ಲ,” ಎಂದು ಬರೆದುಕೊಂಡರು.

ಹೋರಾಡುವುದೆಂದರೆ ಗುಂಡು ಹಾರಿಸುವುದು. ಗುಂಡು ತಿನ್ನುವುದು ಬೇರೆ ಖಾತೆ. ಆದರೂ ದಾರಿಯಿದೆಯೆಂದು ಗ್ರೆಗ್ಸನ್ ಸಮಾಧಾನ ಹೇಳಿದರು. ಬೆಟ್ಟದ ಮೇಲಿನ ಠಾಣೆಯೊಂದರಲ್ಲಿದ್ದ ಒಬ್ಬ ಯೋಧ, ಫೆಲಿಕ್ಸ್ ಕೂಡ ಹೋರಾಡಿದರೆಂದು ತಮ್ಮ ಎದುರು ಹೇಳಿಕೆ ಕೊಟ್ಟರೆ ಸಾಕು.

ಗುಡ್ಡದ ಹಿಂದಿನ ಸ್ಮಶಾನ

ಜಾಗ ನೋಡದೆ ಕಾಗದ ಮಾಡಿಸಿದವನಲ್ಲ ನಾನು. ಫೆಲಿಕ್ಸ್ ತಮ್ಮ ಪಿಕಪ್ಪಿನಲ್ಲಿ ಕರೆದೊಯ್ದರು. ಎರಡು ಬೋಳು ಗುಡ್ಡಗಳ ನಡುವೆ, ಸಮುದ್ರಕ್ಕೆ ಮುಖ ಮಾಡಿದ ಒಂದು ತುಂಡು ನೆಲ. ಬಿಳಿ ಕಲ್ಲುಗಳು ಮೂರು ಸಾಲು. ಮರವೆಂದು ಕರೆಯಬಹುದಾದದ್ದು ಒಂದು ಬೇವು.

ಗೇಟು ತೆರೆದೇ ಇತ್ತು. ನಾನು ಒಳಗೆ ಹೋದೆ. ಫೆಲಿಕ್ಸ್ ಪಿಕಪ್ಪಿಗೆ ಒರಗಿ ನಿಂತರು.

ನಾನು ಕಲ್ಲುಗಳನ್ನು ಓದುತ್ತ ಹೋದೆ. ಮೊದಲ ಸಾಲಿನಲ್ಲಿ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತಮೂರು ವರ್ಷದ ಹುಡುಗರು. ಅಲ್ಲಿ ತಮಾಷೆ ಏನೂ ಇರಲಿಲ್ಲ. ಆದರೆ ಹಿಂದಿನ ಎರಡು ಸಾಲು ಬೇರೆಯೇ ಜಾತಿ. ಒಬ್ಬರು ಬ್ಯಾಂಡ್ ಮಾಸ್ಟರು. ಒಬ್ಬರು ಸಂಬಳ ಬಟವಾಡೆಯ ಅಧಿಕಾರಿ. ಇನ್ನೊಬ್ಬರು ಸೈನ್ಯದ ದಂತವೈದ್ಯರು. ಮೂಲೆಯಲ್ಲಿ ಅಡುಗೆ ವಿಭಾಗದ ಒಬ್ಬ ಸಾರ್ಜೆಂಟ್; ಆತ ತೀರಿಕೊಂಡದ್ದು ಕ್ರಿಸ್‌ಮಸ್ ಔತಣದಲ್ಲಿ ಎಂದು ಗೆಳೆಯರು ಅಕ್ಕರೆಯಿಂದ ಕೆತ್ತಿಸಿದ್ದರು.

ಅಲ್ಲೇ ಬೇವಿನ ನೆರಳಲ್ಲಿ ನಿಂತು ನಿಯಮವನ್ನು ಮತ್ತೆ ಓದಿದೆ. ಆಗ ಗುಟ್ಟು ಸಿಕ್ಕಿತು. ಅವರ ದೇಶದವರು “ಸೇವೆ ಸಲ್ಲಿಸಿದ್ದರೆ” ಸಾಕು. ಪರದೇಶದವರು “ಹೋರಾಡಿರಬೇಕು.” ಅವರ ಕಡೆಯವನು ಹಲ್ಲು ಕಿತ್ತರೂ ಒಳಗೆ. ನಮ್ಮ ಕಡೆಯವನು ಒಳಗೆ ಬರಬೇಕಾದರೆ ಕಡೇಪಕ್ಷ ಒಬ್ಬನನ್ನಾದರೂ ಕೊಂದಿರಬೇಕು. ಭೂದಾಖಲೆಗಳ ಭಾಷೆಯಲ್ಲಿ ಎಷ್ಟೋ ಚಮತ್ಕಾರ ಕಂಡಿದ್ದೇನೆ. ಒಂದು ಕ್ರಿಯಾಪದದಲ್ಲಿ ಇಷ್ಟು ಎತ್ತರದ ಕಾಂಪೌಂಡ್ ಗೋಡೆ ಕಟ್ಟಿದ್ದನ್ನು ಕಂಡಿರಲಿಲ್ಲ.

ಹೊರಗೆ ಬಂದು, “ನೀವ್ಯಾಕೆ ಒಳಗೆ ಬರ್ಲಿಲ್ಲ?” ಎಂದು ಕೇಳಿದೆ.

“ವರ್ಷಕ್ಕೊಮ್ಮೆ ಇಲ್ಲಿ ಪ್ರಾರ್ಥನೆ ಇರ್ತದೆ. ದೊಡ್ಡ ದೊಡ್ಡವರೆಲ್ಲ ಬರ್ತಾರೆ. ಕುಡಿಯುವ ನೀರಿನ ಬಾಟ್ಲಿ ತರ್ಲಿಕ್ಕೆ ನನಗೆ ಫೋನ್ ಮಾಡ್ತಾರೆ. ತಂದು ಗೇಟಿನ ಹತ್ರ ಇಳಿಸಿ ನಿಲ್ತೇನೆ. ಇಷ್ಟು ವರ್ಷದಲ್ಲಿ ಒಬ್ರು ಕೂಡ ‘ಫೆಲಿಕ್ಸ್, ಒಳಗೆ ಬಾ’ ಅಂತ ಹೇಳ್ಲಿಲ್ಲ. ‘ಬರ್ಬೇಡ’ ಅಂತಲೂ ಹೇಳ್ಲಿಲ್ಲ, ಸುಳ್ಳು ಹೇಳ್ಬಾರ್ದು. ಆದ್ರೆ ಕರೆಯದೆ ಹೋಗ್ಲಿಕ್ಕೆ ನನಗೆ ಆಗುದಿಲ್ಲ.”

ಟೋಪಿ ಕೈಗೆ ತೆಗೆದುಕೊಂಡು, “ಊರಿನ ಇಗರ್ಜಿಯಲ್ಲಿ ಜಾಗ ಕಡಿಮೆ. ಕೆಲವು ವರ್ಷ ಆದ್ಮೇಲೆ ಅದೇ ಗುಂಡಿಗೆ ಇನ್ನೊಬ್ಬರನ್ನು ಹಾಕ್ತಾರೆ. ಅದು ಬಿಡಿ, ಅದಕ್ಕಲ್ಲ,” ಅಂದರು. ಮೊದಲ ಸಾಲಿನ ಕಡೆ ಟೋಪಿ ತೋರಿಸಿದರು. “ಅವ್ರೆಲ್ಲ ನನ್ನ ಟ್ಯಾಂಕರಿಗೆ ಕಾದವ್ರು. ಬೆಳಿಗ್ಗೆ ಬೆಳಿಗ್ಗೆ ಮೇಲಿಂದ ಕೈ ಬೀಸ್ತಿದ್ರು.”

ಮತ್ರಾ: ಸತ್ಯವಾದಿ ಸಾಕ್ಷಿ

ಸಾಕ್ಷಿಗೆ ಉಳಿದಿದ್ದವರು ಒಬ್ಬರೇ. ಮುರಾದ್ ಎಂಬ ಬಲೂಚಿ ಮುದುಕರು. ಆಗ ಬೆಟ್ಟದ ಮೇಲಿನ ಒಂದು ಠಾಣೆಯಲ್ಲಿ ಸಿಪಾಯಿ. ಈಗ ಒಮಾನಿ ಪ್ರಜೆ, ಮತ್ರಾದ ಸೂಕ್ ಎಂಬ ಹಳೆಯ ಪೇಟೆಯಲ್ಲಿ ಮಗನ ಲೋಬಾನದ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವವರು.

ಗ್ರೆಗ್ಸನ್, ಫೆಲಿಕ್ಸ್, ನಾನು ಮೂವರೂ ಹೋದೆವು. ಇಕ್ಕಟ್ಟಿನ ಗಲ್ಲಿ. ಒಬ್ಬೊಬ್ಬರೇ ಹೋಗಬೇಕು, ಮೇಲೆ ಹೊಗೆ. ಎರಡೇ ನಿಮಿಷ ನಾನು ದಾರಿ ತಪ್ಪಿದೆ. ಅಷ್ಟರಲ್ಲಿ ಮೂರು ತಲೆಮಾರಿನಿಂದ ಅಲ್ಲೇ ಅಂಗಡಿ ಇಟ್ಟಿದ್ದ ಒಬ್ಬ ಕಚ್ಛಿ ವ್ಯಾಪಾರಿ ನನಗೆ ಒಂದು ಟೋಪಿ ಮಾರಿಬಿಟ್ಟರು. ಒಮಾನಿ ಕಸೂತಿಯ ಆ ಟೋಪಿ ತಲೆಯ ಮೇಲಿಟ್ಟುಕೊಂಡೇ ಸಾಕ್ಷಿವಿಚಾರಣೆಗೆ ಹಾಜರಾದೆ. ಮುರಾದ್ ನನ್ನನ್ನು ವಕೀಲನೆಂದು ತಿಳಿದು ಎದ್ದು ನಿಂತರು.

ಮಾತುಕತೆ ಹಿಂದಿಯಲ್ಲಿ. ಮೈಸೂರಿನ ನನ್ನ ಹಿಂದಿ, ಬಲೂಚಿಯ ಹಿಂದಿ, ಇಂಗ್ಲಿಷಿನವನ ಹಿಂದಿ ಮೂರೂ ಒಂದೇ ದರ್ಜೆಯವಾದ್ದರಿಂದ ಪರಸ್ಪರ ಚೆನ್ನಾಗಿಯೇ ಅರ್ಥವಾದವು.

“ಈ ಫೆಲಿಕ್ಸ್ ಯುದ್ಧದಲ್ಲಿ ಹೋರಾಡಿದರೇ?” ಗ್ರೆಗ್ಸನ್ ಕೇಳಿದರು.

ಹಿಂದಿನ ದಿನವೇ ಫೆಲಿಕ್ಸ್ ಫೋನಿನಲ್ಲಿ ಮುರಾದರಿಗೆ ಎಲ್ಲ ಹೇಳಿದ್ದರು. ಮುರಾದ್ ತಮ್ಮ ಹಳೆಯ ಗೆಳೆಯನನ್ನು ಪ್ರೀತಿಯಿಂದ ನೋಡಿ, “ಇಲ್ಲ,” ಎಂದರು.

ನಾನು ಪೆನ್ನಿಗೆ ಅಡ್ಡ ಕೈ ಇಡುವಷ್ಟರಲ್ಲಿ ಮುರಾದ್ ಮುಂದುವರಿಸಿದರು.

“ಇವನು ಯಾಕೆ ಹೋರಾಡಬೇಕು? ಹೋರಾಡಲು ನಾವಿದ್ದೆವು. ಇವನೂ ಗುಂಡು ಹಾರಿಸುತ್ತ ಕೂತಿದ್ದರೆ ಗಾಡಿ ಓಡಿಸುವವರು ಯಾರು? ಒಂದು ಸಲ ಎರಡು ದಿನ ನೀರು ಬರಲಿಲ್ಲ. ನಾವು ಹೋರಾಡಲಿಲ್ಲ, ನಾಲಿಗೆ ಹೊರಚಾಚಿ ಮಲಗಿದ್ದೆವು. ಬರೆದುಕೊಳ್ಳಿ.”

ಗ್ರೆಗ್ಸನ್ “ಇಲ್ಲ” ಎಂಬುದನ್ನು ಮಾತ್ರ ಬರೆದುಕೊಂಡರು. ಉಳಿದದ್ದಕ್ಕೆ ನಮೂನೆಯಲ್ಲಿ ಸ್ಥಳವಿರಲಿಲ್ಲ. ಆಮೇಲೆ ಹುರುಪಿನಿಂದ, ತಾವಾದರೋ ನಿಸ್ಸಂದೇಹವಾಗಿ ಅರ್ಹರು ಎಂದು ಮುರಾದರಿಗೇ ಒಂದು ಅರ್ಜಿ ಚಾಚಿದರು. ಮುರಾದ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

“ನಮ್ಮಲ್ಲಿ ಹೆಸರು ಕೆತ್ತುವುದಿಲ್ಲ. ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು. ಖಲಾಸ್.”

ಗುರುತಿಲ್ಲದ ಎರಡು ಕಲ್ಲಿಗೆ ಮುಗಿದುಹೋಗುವ ವ್ಯವಸ್ಥೆ ಕೇಳಿ ನನ್ನೊಳಗಿನ ಸಬ್ ರಿಜಿಸ್ಟ್ರಾರ್ ನಡುಗಿದ. ಹಾಗೆಲ್ಲ ಆದರೆ ನಮ್ಮ ಇಲಾಖೆ ಏನು ತಿನ್ನಬೇಕು?

ಪರಿಸ್ಥಿತಿ ಇಲ್ಲಿಗೆ ಬಂದು ನಿಂತಿತ್ತು: ಅರ್ಹರಾದವರಿಗೆ ಬೇಡ; ಬೇಕಾದವರು ಅರ್ಹರಲ್ಲ. ಗ್ರೆಗ್ಸನ್ ಎದ್ದರು. ಫೆಲಿಕ್ಸ್ ತಮ್ಮ ಫೋಟೋ ವಾಪಸು ಕೇಳಿ ಜೇಬಿಗಿಟ್ಟುಕೊಂಡರು. ಅದನ್ನು ನೋಡಿ ಮುರಾದರಿಗೆ ಏನನ್ನಿಸಿತೋ, ಸಿಟ್ಟಿನಿಂದ ನಿಲುವಂಗಿಯ ತೋಳು ಮೇಲೇರಿಸಿದರು. ಮೊಣಕೈಯಿಂದ ಭುಜದವರೆಗೆ ಹಳೆಯ ಹೊಲಿಗೆಯ ಗೆರೆ.

“ಕಾಗದಕ್ಕೆ ಅಷ್ಟು ಆಸೆಯಿದ್ದರೆ ಇದನ್ನು ಹೊಲಿದವಳನ್ನು ಕೇಳಿ! ಡಾಕ್ಟರು ಕೈ ಕತ್ತರಿಸಿ ಅಂದ. ಅವಳು ಬೇಡ ಅಂದಳು. ಭುಜದ ಮೇಲೆ ಎರಡು ನಕ್ಷತ್ರ ಇದ್ದವು ಅವಳಿಗೆ. ನಾನು ಸಲಾಮು ಹೊಡೆಯುತ್ತಿದ್ದೆ.”

“ಯಾರು?” ಎಂದರು ಗ್ರೆಗ್ಸನ್.

“ಇವನ ಹೆಂಡತಿ.”

ಫೆಲಿಕ್ಸ್ ತಲೆ ತಗ್ಗಿಸಿದರು. ಗ್ರೆಗ್ಸನ್ ನಿಂತಲ್ಲೇ ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು ಓದಿದರು. “ಸಮವಸ್ತ್ರದಲ್ಲಿದ್ದ ವೈದ್ಯಕೀಯ ಸಿಬ್ಬಂದಿಯನ್ನು, ಯಾವ ದೇಶದವರಾದರೂ, ಹೋರಾಡಿದವರೆಂದೇ ಪರಿಗಣಿಸತಕ್ಕದ್ದು.”

ಸೀಬ್: ಅಡುಗೆಮನೆಯಲ್ಲಿ

ಎಲೀಸಮ್ಮ ನೀರುದೋಸೆ ಹುಯ್ಯುತ್ತಿದ್ದರು. ನಾವಿಬ್ಬರೂ ಬಾಗಿಲಲ್ಲಿ ನಿಂತು, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಹುಡುಗರಂತೆ ಒಬ್ಬರನ್ನೊಬ್ಬರು ಮುಂದೆ ತಳ್ಳಿದೆವು. ಕೊನೆಗೆ ನಾನೇ ಹೇಳಿದೆ.

ಅವರು ದೋಸೆ ಮಡಚಿ ತಟ್ಟೆಗೆ ಹಾಕಿದರು.

“ಮೂರು ವಾರದಿಂದ ಚಹಾ ತಂದು ಕೊಡ್ತಾ ಇದ್ದೇನೆ. ಇಬ್ರು ಗಂಡಸ್ರು ಕೂತು ಯುದ್ಧ ಮಾಡಿದವ್ರನ್ನು ಹುಡುಕ್ತಾ ಇದ್ದೀರಿ. ಒಂದು ದಿನ ಆದ್ರೂ ‘ಎಲೀಸಮ್ಮ, ನೀವು ಆಗ ಎಲ್ಲಿದ್ರಿ?’ ಅಂತ ಕೇಳಿದ್ರಾ ನೀವು?”

ಕೇಳಿರಲಿಲ್ಲ. ಸಾಲದ್ದಕ್ಕೆ ಅರ್ಜಿಯ ಎರಡನೆಯ ಪುಟದಲ್ಲಿ “ಹೆಂಡತಿಯ ಉದ್ಯೋಗ” ಎಂಬಲ್ಲಿ, ಅವರನ್ನು ಕೇಳದೆಯೇ, ನನ್ನ ಸುಂದರ ಹಸ್ತಾಕ್ಷರದಲ್ಲಿ “ಗೃಹಿಣಿ” ಎಂದು ಬರೆದವನು ನಾನೇ.

“ಇವ್ರಿಗೆ ಆದ್ರೂ ಗೊತ್ತಿತ್ತಲ್ಲ,” ಎಂದು ಫೆಲಿಕ್ಸರ ಕಡೆ ಜಾರಿಸಿದೆ.

“ನೀನೇ ಅಲ್ವಾ ಆ ಮಾತು ಎತ್ತಬಾರ್ದು ಅಂತ ಹೇಳಿದ್ದು?” ಎಂದರು ಫೆಲಿಕ್ಸ್ ಹೆಂಡತಿಗೆ, ಮೆಲ್ಲಗೆ. “ನಲವತ್ತೊಂಬತ್ತು ವರ್ಷ ಆಯ್ತು. ನಾನು ಎತ್ತಲಿಲ್ಲ.”

ಎಲೀಸಮ್ಮ ಒಲೆ ಆರಿಸಿದರು. ಅಂದು ಅವರು ಹೇಳಿದ್ದು ಸ್ವಲ್ಪವೇ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲಸ ಹುಡುಕಿ ಬಂದವರಿಗೆ ಬೆಟ್ಟದ ಬುಡದ ಸೇನಾ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಸೈನ್ಯದ ಅಧಿಕಾರಿ ಪದವಿ. ವಯಸ್ಸು ಇಪ್ಪತ್ತಮೂರು. ಮೇಲಿಂದ ಕೆಳಗೆ ಬರುವ ಗಾಯಾಳುಗಳನ್ನು ಖಾಲಿ ಟ್ಯಾಂಕರಿನ ಮುಂದಿನ ಸೀಟಿನಲ್ಲಿ ತರುತ್ತಿದ್ದವರು ಫೆಲಿಕ್ಸ್. ಪರಿಚಯವಾದದ್ದು ಹಾಗೆ.

“ಅಲ್ಲಿ ಮಲಗಿದ್ದಾರಲ್ಲ, ಅದ್ರಲ್ಲಿ ನಾಲ್ಕು ಮಂದಿ ನನ್ನ ಕೈಯಲ್ಲೇ ಹೋದದ್ದು. ಒಬ್ಬ ನನ್ನನ್ನು ಅಮ್ಮ ಅಂತ ಕರೀತಿದ್ದ. ಅವನಿಗಿಂತ ನಾನು ಎರಡೇ ವರ್ಷ ದೊಡ್ಡವಳು. ‘ಬಂದೆ ಮಗ’ ಅಂತ ಇಂಗ್ಲಿಷಲ್ಲಿ ಹೇಳಿದೆ. ಇನ್ನು ಅವ್ರ ಮಧ್ಯೆ ಹೋಗಿ ಮಲಗ್ಬೇಕಾ? ನಾನು ಈ ಅರ್ಜಿಯೇ ಬೇಡ ಅಂತ ಇದ್ದದ್ದು ಅದಕ್ಕೆ.”

ಎರಡು ದಿನ ನಾನು ಆ ಮೆಟ್ಟಿಲಿಳಿಯಲಿಲ್ಲ. ಬೆಳಗಿನ ನಡಿಗೆಯಲ್ಲಿ ಫೆಲಿಕ್ಸ್ ಗ್ಯಾರೇಜಿನ ವಿಷಯ ಮಾತ್ರ ಆಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಗಿರಿಜೆ ಬಂದು, “ಅಣ್ಣ, ಕೆಳಗಡೆ ಎಲೀಸಾಂಟಿ ರೆಡಿಯಾಗಿ ನಿಂತಿದಾರೆ. ನೀನು ಇನ್ನೂ ಸ್ನಾನ ಕೂಡ ಮಾಡಿಲ್ವಲ್ಲೋ?” ಎಂದಳು. ಕೆಳಗೆ ಹೋದರೆ ಎಲೀಸಮ್ಮ: ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಳದಿ ತಿರುಗಿದ ಒಂದು ಕಾಗದ. ಅರ್ಜಿಯ ಹನ್ನೊಂದೂ ಪುಟಗಳನ್ನು ಅವರಾಗಲೇ ನನಗಿಂತ ಚೆನ್ನಾಗಿ ಓದಿಕೊಂಡಿದ್ದರು. “ಇವ್ರು ಇನ್ನೆಷ್ಟು ವರ್ಷ ಆ ಗೇಟಿನ ಹೊರಗೆ ನಿಲ್ಲುದು? ನಡೀರಿ,” ಎಂದರು.

ವಾದಿ ಅದಾಯ್: ಮೂವತ್ತು ಅಕ್ಷರ

ಹಳದಿ ಕಾಗದ, ಅಂದರೆ ಲೆಫ್ಟಿನೆಂಟ್ ಪದವಿಯ ನೇಮಕಪತ್ರ, ಓದಿ ಗ್ರೆಗ್ಸನ್ ಎದ್ದು ನಿಂತರು. ಅವರು ಸೈನ್ಯಕ್ಕೆ ಸೇರಿದ್ದು ಆ ಯುದ್ಧ ಮುಗಿದ ಮೇಲೆ. ತಮಗಿಂತ ಮೇಲಿನ ಪದವಿಯವರ ಎದುರು ಕೂರುವ ಅಭ್ಯಾಸ ಅವರಿಗಿರಲಿಲ್ಲ. ಎಲೀಸಮ್ಮ “ಕೂತುಕೊಳ್ಳಿ” ಎಂದ ಮೇಲೆಯೇ ಕೂತರು.

“ಮೇಡಂ, ತಾವು ಸ್ವಂತ ಹಕ್ಕಿನಿಂದ ಅರ್ಹರು. ತಮ್ಮ ಪತಿಯವರನ್ನು ಅವಲಂಬಿತರ ಕಲಮಿನಲ್ಲಿ ಸೇರಿಸಬಹುದು.”

ಫೆಲಿಕ್ಸರ ಮುಖ ಸಣ್ಣದಾಯಿತು. ಎಲೀಸಮ್ಮನಿಗೆ ಮಾತ್ರ ನಗು ತಡೆಯಲಾಗಲಿಲ್ಲ. “ಮದುವೆ ಆದಾಗಿಂದ ಇವ್ರ ವೀಸಾದಲ್ಲಿ ಡಿಪೆಂಡೆಂಟ್ ಅಂತ ಇದ್ದವಳು ನಾನು. ವರ್ಷಗಟ್ಟಲೆ ವೀಸಾದ ಧಣಿ ಕಫೀಲ್ ಹತ್ರ ಹೋಗಿ ನನ್ನ ಕಾಗದಕ್ಕೆ ಸಹಿ ಮಾಡ್ಸಿದ್ದು ಇವ್ರು. ಈಗ ನಾನು ಮಾಡ್ಸಿದ್ರೆ ಎಂತ?” ಎಂದು ಸಹಿ ಹಾಕಿದರು. ನಂತರ, “ಇವ್ರ ಹೆಸರು ಎಲ್ಲಿ ಕೆತ್ತುದು?” ಎಂದು ಕೇಳಿದರು.

ಗ್ರೆಗ್ಸನ್ ಕೆಮ್ಮಿದರು. ಅವಲಂಬಿತರಿಗೆ ಪ್ರತ್ಯೇಕ ಕಲ್ಲಿಲ್ಲ. ಯೋಧರ ಕಲ್ಲಿನ ಮೇಲೆ, ಕೆಳಗೆ, “ಮತ್ತು ಪತಿ” ಎಂದು ಬರುತ್ತದೆ. ಹೆಸರಿನ ಪದ್ಧತಿ ಇಲ್ಲ.

“ಹೆಸರು ಸಹ ಇಲ್ವಾ?”

“ಪದ್ಧತಿ ಇಲ್ಲ, ಮೇಡಂ.”

“ಮತ್ತೆ ಈ ಹತ್ತನೇ ಪುಟದಲ್ಲಿ ಎಂತ ಬರ್ದಿದ್ದಾರೆ?”

ಹತ್ತನೆಯ ಪುಟದಲ್ಲಿ, ಯೋಧರು ತಮ್ಮ ಕಲ್ಲಿನ ಮೇಲೆ ಇಷ್ಟಬಂದ ಒಂದು ಸಾಲನ್ನು, ತಮ್ಮ ಭಾಷೆಯಲ್ಲೇ, ಕೆತ್ತಿಸಿಕೊಳ್ಳಬಹುದು ಎಂದಿತ್ತು. ಸಾಮಾನ್ಯವಾಗಿ ಬೈಬಲಿನ ವಾಕ್ಯ. ಮಿತಿ ಮೂವತ್ತು ಅಕ್ಷರ, ಪದಗಳ ನಡುವಿನ ಜಾಗವೂ ಸೇರಿ.

ಎಲೀಸಮ್ಮ ನನ್ನ ಕಡೆ ತಿರುಗಿದರು. “ಬರೀರಿ. ಕನ್ನಡದಲ್ಲೇ ಬರೀರಿ. ನಾನು ಶಾಲೆಗೆ ಹೋದದ್ದು ಕನ್ನಡ ಮೀಡಿಯಂ.”

ನಾನು ಫೋನಿನಲ್ಲಿ ಟೈಪು ಮಾಡಿದೆ: ಇವಳ ಗಂಡ ಫೆಲಿಕ್ಸ್ ಬೆಟ್ಟಕ್ಕೆ ನೀರು ಒಯ್ದರು.

“ಒಯ್ದರು ಅಲ್ಲ, ತಂದರು ಅಂತ ಮಾಡಿ.”

ಬುಡದಿಂದ ಮೇಲಕ್ಕೆ ಹೋದದ್ದರಿಂದ ವ್ಯಾಕರಣದ ಪ್ರಕಾರ “ಒಯ್ದರು” ಸರಿ ಎಂದು ನಾನು ವಾದಿಸಿದೆ.

“ಕೆಳಗಿದ್ದ ನನ್ನ ಲೆಕ್ಕಕ್ಕೆ ಅದು ಒಯ್ದದ್ದು. ಅಲ್ಲಿ ಮಲಗಿದ ಮಕ್ಕಳಿಗೆ ಇವ್ರು ತಂದದ್ದೇ ಅಲ್ವಾ?”

ತಿದ್ದಿದೆ. ಗ್ರೆಗ್ಸನ್ ಸಾಲನ್ನು ಗಣಕಯಂತ್ರಕ್ಕೆ ಇಳಿಸಿಕೊಂಡರು. ಪರದೆಯ ಮೂಲೆಯಲ್ಲಿ ಕೆಂಪಾಗಿ ಮೂವತ್ತೇಳು ಎಂದು ಬಂತು. ನಾನು ಬೆರಳು ಮಡಚಿ ಎಣಿಸಿದೆ; ನಮ್ಮ ಮೇಷ್ಟರು ಕಲಿಸಿದ ಲೆಕ್ಕದಲ್ಲಿ ಹದಿನಾರು, ನಡುವಿನ ಜಾಗ ಸೇರಿ ಇಪ್ಪತ್ತೊಂದು. ಆ ಯಂತ್ರ ನಮ್ಮ ಕೊಂಬು, ಗುಣಿಸು, ಸೊನ್ನೆ, ಒತ್ತು ಎಲ್ಲವನ್ನೂ ಒಂದೊಂದು ಅಕ್ಷರವೆಂದು ಎಣಿಸಿಬಿಟ್ಟಿತ್ತು. ಒತ್ತಕ್ಷರ ಬೇರೆ ಅಕ್ಷರವಲ್ಲ, ಅದು ಮೇಲಿನವನ ಕೆಳಗೆ ಇರುವವನು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಗ್ರೆಗ್ಸನ್ ಅತ್ಯಂತ ಗೌರವದಿಂದ ಕೇಳಿ, ಇಂಗ್ಲೆಂಡಿನಲ್ಲಿದ್ದ ಅಧ್ಯಕ್ಷರಿಗೆ ಫೋನು ಮಾಡಿದರು. ಅಧ್ಯಕ್ಷರು ಉಪಾಧ್ಯಕ್ಷರಿಗೆ ಮಾಡಿದರು. ಕನ್ನಡದ ಒತ್ತಕ್ಷರದ ಮೇಲೆ ಎರಡು ಖಂಡಗಳ ನಡುವೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಕೆಳಗಿನ ಅಂಗಡಿಯವರು ಊಟಕ್ಕೆ ಹೋದದ್ದರಿಂದ ತಗಡಿನ ಸದ್ದೂ ನಿಂತಿತ್ತು. ಕೊನೆಗೆ ತೀರ್ಪು ಬಂತು: ಯಂತ್ರ ಹೇಳಿದ್ದೇ ಅಂತಿಮ.

“ಏಳು ಅಕ್ಷರ ಕಡಿಮೆ ಮಾಡಬೇಕು, ಮೇಡಂ. ‘ಫೆಲಿಕ್ಸ್’ ತೆಗೆದರೆ ಸರಿಹೋಗುತ್ತದೆ. ಪತಿ ಎಂಬುದು ಹೇಗೂ ಉಳಿಯುತ್ತದೆ.”

ಫೆಲಿಕ್ಸ್, “ಇರ್ಲಿ ಎಲೀಸ್, ತೆಗೀಲಿ,” ಎಂದರು. “ಎಂತ ಮಾಡುದು? ನಾನು ಅಂತ ನಿನಗೆ ಗೊತ್ತುಂಟಲ್ಲ, ಸಾಕು.”

ಎಲೀಸಮ್ಮ ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿದರು. ಅಕ್ಷರದ ಮೇಲೆ ಬೆರಳು ಆಡಿಸುತ್ತ ಹೋಗಿ ಸಾಲಿನ ಮೊದಲಿಗೆ ವಾಪಸು ಬಂದರು.

“‘ಇವಳ ಗಂಡ’ ಅದನ್ನು ತೆಗೀರಿ.”

ತೆಗೆದೆ. ಮೂಲೆಯ ಅಂಕಿ ಇಪ್ಪತ್ತೊಂಬತ್ತಕ್ಕಿಳಿದು ಹಸಿರಾಯಿತು.

ಫೆಲಿಕ್ಸ್ ಬೆಟ್ಟಕ್ಕೆ ನೀರು ತಂದರು.

ಅರ್ಥವೇನೆಂದು ಗ್ರೆಗ್ಸನ್ ಕೇಳಿದರು. ಹೇಳಿದೆ. ಅವರು ಪೆನ್ನಿನಿಂದ ಹಣೆ ಉಜ್ಜಿಕೊಂಡು, “ಕಲ್ಲು ಲೆಫ್ಟಿನೆಂಟ್ ಎಲೀಸ್ ಅವರದು. ಸಾಲಿನಲ್ಲಿ ಪದವಿಯಿಲ್ಲ, ಸಂಬಂಧವಿಲ್ಲ. ಮುಂದೆ ಬಂದು ಓದಿದವರು ಈ ಫೆಲಿಕ್ಸ್ ಯಾರು ಎಂದು ಕೇಳುವುದಿಲ್ಲವೇ?” ಎಂದರು.

ಫೆಲಿಕ್ಸ್ ಆ ಹೊತ್ತಿಗೆ ಟೋಪಿ ತೆಗೆದು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

“ಕೇಳ್ಲಿ,” ಎಂದರು ಎಲೀಸಮ್ಮ.